ಎರಡು ಹಲ್ಲು ಹೆಚ್ಚು

ಬೈಕಿನ ವಿಷಯದಲ್ಲಿ ಮೆಕ್ಯಾನಿಕ್‌ಗೇ ಪಾಠ ಹೇಳುವ ಗಿರಾಕಿ ಪ್ರತಿ ಊರಿನಲ್ಲೂ ಒಬ್ಬನಿರುತ್ತಾನೆ. ಬಳ್ಳಾರಿಯಲ್ಲಿ ಅವನು ನಾನೇ. ಗ್ಯಾರೇಜಿನಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ, ದೊಡ್ಡ ಡಾಕ್ಟರರಂತೆ ತಲೆಯಾಡಿಸುತ್ತೇನೆ. ಸಿರುಗುಪ್ಪ ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ ನನ್ನ ಹಳೇ ಬೈಕು ಅರಚುತ್ತದೆಂದು, ಚೈನು ಸುತ್ತುವ ಮುಂದಿನ ಸ್ಪ್ರಾಕೆಟ್ ತೆಗೆಸಿ, ಎರಡು ಹಲ್ಲು ಹೆಚ್ಚಿರುವುದನ್ನು ಹಾಕಿಸಿದೆ. “ಸದ್ದು ಕಮ್ಮಿ ಆಕ್ಕೈತಿ ಸಾರ್, ಆದ್ರ ಏರಿನ್ಯಾಗ ಎಳಿಯಂಗಿಲ್ಲ ನೋಡ್ರಿ” ಎಂದರು ಬ್ರೂಸ್‌ಪೇಟೆಯ ಮೆಕ್ಯಾನಿಕ್ ಸುಭಾನಸಾಬರು. “ನನಗ ಹೇಳ್ತೀರೇನ್ರಿ?” ಎಂದು ನಕ್ಕೆ. ಮರುದಿನವೇ ಕುರುಗೋಡಿನ ಏರಿನಲ್ಲಿ ಹೆಂಡತಿ ಅಂಜನಾಳನ್ನು ಇಳಿಸಿ, ಬೈಕು ತಳ್ಳುತ್ತ, ಏದುಸಿರಿನಲ್ಲೇ ಅವಳಿಗೆ ಗೇರಿನ ಲೆಕ್ಕಾಚಾರ ವಿವರಿಸಿದೆ. ಸಪಾಟು ರಸ್ತೆ ಬಂದ ಮೇಲೆ ಅವಳನ್ನು ಮತ್ತೆ ಹತ್ತಿಸಿಕೊಂಡು ಹೊರಟಾಗ ಇಂಜಿನ್ನಿನ ಸದ್ದು ನಿಜವಾಗಿಯೂ ಮೆತ್ತಗಾಗಿತ್ತು. ಬೆನ್ನ ಹಿಂದಿನಿಂದ ಅಂಜನಾಳ ಮಾತು ಸ್ಪಷ್ಟವಾಗಿ ಕೇಳಿಸಿತು. “ಅರ್ಧಕ್ಕ ಬಿಟ್ಟ ಡಿಗ್ರಿ ಮುಗಿಸ್ಲೇನ್ರಿ ಅಂತ ಎಷ್ಟ್ ವರ್ಷದಿಂದ ಕೇಳಾಕ ಹತ್ತೀನಿ. ಹೂಂ ಅಂತೀರಿ, ಮನಿಗಿ ಹೋದ್‌ಮ್ಯಾಲ ಒಂದ್ ಮಾತಿಲ್ಲ.” ಹದಿನಾಲ್ಕು ವರ್ಷ ಆ ಸೀಟಿನಿಂದ ಬಂದ ಮಾತಿಗೆಲ್ಲ ನಾನು ಕೇಳಿಸದೆಯೇ ಹೂಂಗುಟ್ಟಿದ್ದೆ. ಬೈಕನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನನ್ನೇ ಆರಿಸಿದೆ. “ಮೊದ್ಲಿಂದ ಹೇಳು” ಎಂದೆ.