ಶಿಯಾನ್‌ನಲ್ಲಿ ಉಮ್ಮನಿಗೆ ಸಿಕ್ಕ ಅಕ್ಕ

ತಿರುಗಿ ನೋಡಿದರೆ ಉಮ್ಮ ಇರಲಿಲ್ಲ. ಚೀನಾದ ಹಳೆಯ ರಾಜಧಾನಿ ಶಿಯಾನ್‌ನಲ್ಲಿ ಅದು ನಮ್ಮ ಮೊದಲ ಸಂಜೆ. ಕುಂಜತ್ತೂರಿನಿಂದ ಬಂದ ನನ್ನ ತಾಯಿಗೆ ಚೀನೀ ಭಾಷೆಯ ಒಂದು ಪದವೂ ಬಾರದು. ಮಂಜಿನಲ್ಲಿ ಕೆಂಪು ದೀಪಗಳು ತೇಲುತ್ತಿದ್ದ ಗಲ್ಲಿಗಳಲ್ಲಿ ಹುಡುಕಿದೆ.

ಹಳೆಯ ಮಸೀದಿಯೊಂದರ ಅಂಗಳದಲ್ಲಿ ಉಮ್ಮ ಸಿಕ್ಕಿದರು. ಚೀನೀ ಅಜ್ಜಿಯೊಬ್ಬರ ಶಾಲು ಹೊದ್ದು, ಅವರ ಕೈ ಹಿಡಿದು ಕುಳಿತಿದ್ದರು. ಇಬ್ಬರ ತುಟಿಗಳಲ್ಲೂ ಒಂದೇ ಅರಬಿ ಪ್ರಾರ್ಥನೆ. ಅದು ಮುಗಿಯುವವರೆಗೆ ನಾನು ಅಲ್ಲೇ ನಿಂತೆ.

“ಭಾಷೆ ಬಾರದೆ ಎಂತ ಮಾತಾಡಿದಿರಿ ಉಮ್ಮಾ?” ಎಂದು ಕೇಳಿದೆ.

“ನಾನು ಸಲಾಂ ಹೇಳಿದೆ, ಅವರೂ ಹೇಳಿದರು. ಮತ್ತೆ ಹೆದರಿಕೆ ಎಂತದು ಉಂಟು?”

ಆ ಅಜ್ಜಿಯ ಹೆಸರು ನಮಗೆ ಗೊತ್ತಿಲ್ಲ. ಆದರೆ ದಿನವೂ ಉಮ್ಮ ದೇವರಲ್ಲಿ ದುಆ ಮಾಡುವಾಗ ಮನೆಯವರ ಹೆಸರುಗಳ ನಡುವೆ ‘ಚೀನಾದ ಅಕ್ಕ’ ಎಂದೂ ಕೇಳಿಸುತ್ತದೆ.