ಕಾಕಾನಿಗೆ ಬಂದ ಚೀನೀ ಮೇಲ್

ಹಳೆಯ ಫೈಲು ಕೊಡವಿದಾಗ ಒಂದು ಪ್ರಿಂಟ್ ಹಾಳೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಸೀನು ಬಂತು, ಧೂಳಿಗೋ ಮೆಣಸಿನಕಾಯಿ ಘಾಟಿಗೋ... ಹಾಳೆಯ ತುಂಬ ತಲೆಬುಡವಿಲ್ಲದ ಗುರುತುಗಳು. ನಡುವೆ ಇಂಗ್ಲಿಷಿನಲ್ಲಿ ಒಂದೇ ಪದ ಓದಲು ಬರುತ್ತದೆ, ಬ್ಯಾಡಗಿ. ಅದರ ಮೇಲೆ ಕೆಂಪು ಹೆಬ್ಬೆರಳಿನ ಗುರುತು.

ಆಗ ಬ್ಯಾಡಗಿಯಲ್ಲಿ ನನ್ನದೊಂದು ಇಂಟರ್ನೆಟ್ ಅಂಗಡಿ. ಇದ್ದದ್ದು ಮೂರು ಕಂಪ್ಯೂಟರು, ಜಂಬ ಮಾತ್ರ ಮೂವತ್ತರಷ್ಟು. ಪಕ್ಕದಲ್ಲೇ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದವರು ಇಡೀ ಓಣಿಗೇ ಕಾಕಾ. ಹಿಂದಿನ ಸುಗ್ಗಿಯಲ್ಲಿ ಚೀನಾದ ವ್ಯಾಪಾರಿಯೊಬ್ಬ ದುಭಾಷಿಯನ್ನು ಕರೆದುಕೊಂಡು ಬಂದಿದ್ದ. ಕಾಕಾ ಕಾಯಿ ಮುರಿದು ಅಂಗೈಗೆ ತಿಕ್ಕಿ ಬಣ್ಣ ತೋರಿಸಿದ್ದಕ್ಕೆ ಬೆರಗಾಗಿ, ಅವರ ಮನೆಯಲ್ಲಿ ರೊಟ್ಟಿ ಉಂಡು, ಮತ್ತೆ ಬರುವ ಮೊದಲು ಮೇಲ್ ಮಾಡುತ್ತೇನೆ ಎಂದು ಹೇಳಿ ಹೋಗಿದ್ದ. ಕಾಕಾನ ಮೇಲ್ ಖಾತೆ ತೆರೆದುಕೊಟ್ಟವಳು ನಾನೇ. ಅವರು ಆ ವರ್ಷದ ಒಳ್ಳೇ ಮಾಲನ್ನೆಲ್ಲ ಅವನಿಗೆಂದು ಎತ್ತಿಟ್ಟು, ದಿನಾ ಬಂದು ವಿಚಾರಿಸುತ್ತಿದ್ದರು.

ಕೊನೆಗೂ ಮೇಲ್ ಬಂತು. ತೆರೆದರೆ ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ, ಕೊಂಬುಬಾಲದ ಅಕ್ಷರ. ನನಗೆ ತಿಳಿಯುತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ ನೋಡಿ! ಇದು ವೈರಸ್ ಎಂದುಬಿಟ್ಟೆ. ಕಾಕಾ ಒಪ್ಪದೆ ಪ್ರಿಂಟ್ ಕೇಳಿ ಪಡೆದು, ಮರುದಿನ ಅದನ್ನೇ ನನ್ನ ಮೇಜಿನ ಮೇಲೆ ಹರವಿ ಹೆಬ್ಬೆರಳು ಊರಿದರು.

"ಇಲ್ಲಿ ನಮ್ಮೂರ ಹೆಸರು ಐತಲ್ಲವ್ವಾ. ವೈರಸ್ಸಿಗೆ ಬ್ಯಾಡಗಿ ಹೆಂಗ ಗೊತ್ತಾಗತೈತಿ?"

ನಾನು ನಕ್ಕೆ. ಹೆಸರು ಹಾಕಿಯೇ ಮೋಸ ಮಾಡುತ್ತಾರೆ ಎಂದು ಪಾಠ ಬೇರೆ ಹೇಳಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಇಂಥ ಕಸ ಕಳಿಸಬೇಡಿ ಎಂದು ಅವರ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಉತ್ತರವನ್ನೂ ಬರೆದು ಕಳಿಸಿದೆ. ಕಾಕಾ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ತಿಂಗಳೊಪ್ಪತ್ತಿನಲ್ಲಿ ಕೆಟ್ಟ ಕಂಪ್ಯೂಟರ್ ಹೊತ್ತುಕೊಂಡು ರಾಣೇಬೆನ್ನೂರಿಗೆ ಹೋದೆ. ರಿಪೇರಿಯವರಿಗೆ, ಅವರದೇ ಕಂಪ್ಯೂಟರಿನಲ್ಲಿ ಕಾಕಾನ ಖಾತೆ ತೆರೆದು, ಆ ವೈರಸ್ಸನ್ನು ತಮಾಷೆಗೆಂದು ತೋರಿಸಿದೆ. ಅವರು ಮೇಲಿನ ಮೆನುವಿಗೆ ಹೋಗಿ, ಯಾವ ಲಿಪಿಯಲ್ಲಿ ತೋರಿಸಬೇಕೆಂದು ಹೇಳುವ ಎನ್‌ಕೋಡಿಂಗ್ ಎಂಬಲ್ಲಿ ಚೈನೀಸ್ ಆರಿಸಿದರು. ಇಷ್ಟೇ. ಕಸವೆಲ್ಲ ಅಚ್ಚುಕಟ್ಟಾದ ಚೀನೀ ಅಕ್ಷರಗಳಾಗಿ ಸಾಲುಹಿಡಿದು ನಿಂತಿತು. ಅನುವಾದದ ಸೈಟಿಗೆ ಹಾಕಿದಾಗ ಹರಕುಮುರುಕು ಇಂಗ್ಲಿಷಿನಲ್ಲಿ ಅರ್ಥ ಸಿಕ್ಕಿತು. ದುಭಾಷಿ ಕೆಲಸ ಬಿಟ್ಟಿದ್ದಾನೆ, ಅದಕ್ಕೇ ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ, ಇಪ್ಪತ್ತನೇ ತಾರೀಖು ಬ್ಯಾಡಗಿಗೆ ಬರಲೇ, ನಿಮ್ಮ ಕಾಯಿ ಇಟ್ಟಿರುತ್ತೀರಾ?

ಇಪ್ಪತ್ತು ಕಳೆದು ಎಂಟು ದಿನವಾಗಿತ್ತು.

ಕಾಕಾನ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು, ಆ ಮನುಷ್ಯನಿಗೆ ಕ್ಷಮೆ ಕೇಳಿ ಬರೆಯಬೇಕು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೆ. ಇಳಿದಾಗ ಅವರು ತಮ್ಮ ಅಂಗಡಿಯ ಬಾಗಿಲಲ್ಲೇ ಕೂತಿದ್ದರು.

"ಮಷೀನ್ ರಿಪೇರಿ ಆತೇನವ್ವಾ?"

"ಆತ್ರಿ ಕಾಕಾ," ಎಂದೆ. ಒಳಗೆ ಹೋಗಿ ಆ ಮೇಲ್ ಅಳಿಸಿಹಾಕಿದೆ.

ಆಮೇಲೂ ಅವರು ಎಷ್ಟೋ ದಿನ ಬಂದು, ಏನಾದರೂ ಬಂತೇ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಎತ್ತಿಟ್ಟ ಚೀಲಗಳ ಬಣ್ಣ ಇಳಿಯುತ್ತ ಹೋಯಿತು... ಕೊನೆಗೊಂದು ದಿನ ಅವರು ಕೇಳುವುದನ್ನೂ ಬಿಟ್ಟರು. ಆ ಚೀನಾದವನು ಮಾತು ತಪ್ಪಿದ ಎಂದು ತಿಳಿದುಕೊಂಡೇ ತೀರಿಕೊಂಡರು. ಮಾತು ತಪ್ಪಿದವನು ಅವನಲ್ಲ.

ಹಾಳೆಯನ್ನು ಹರಿಯಲು ಹೋದೆ, ಆಗಲಿಲ್ಲ. ಅವರ ಬೆರಳು ಇನ್ನೂ ಊರಿನ ಹೆಸರಿನ ಮೇಲೇ ಇದೆ.