ಮೊದಲು ಅವರ ಮಾತು, ಆಮೇಲೆ ನನ್ನದು

2023ರ ಮಾರ್ಚ್ ತಿಂಗಳ ಒಂದು ಭಾನುವಾರ, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಲೈಬ್ರರಿಯ ಮೀಟಿಂಗ್ ರೂಮು. ಇಷ್ಟು ಖಚಿತ. ಆ ದಿನ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅಷ್ಟು ಹೊತ್ತಿಗೆ ನಮ್ಮಲ್ಲಿ ಮಾಸ್ಕ್ ಹಾಕುವವರು ಹೆಚ್ಚೇನೂ ಉಳಿದಿರಲಿಲ್ಲ. ಯಾರ ಮುಖದಲ್ಲೂ ಏನಿದೆ ಎಂದು ನನಗೆ ತಿಳಿಯಲಿಲ್ಲವಲ್ಲ, ಅದಕ್ಕೇ ನೆನಪು ಎಲ್ಲರಿಗೂ ಮಾಸ್ಕ್ ತೊಡಿಸಿಬಿಟ್ಟಿದೆಯೋ ಏನೋ. ಆದ್ದರಿಂದ ಇದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ನಾನು ಬರೆಯುತ್ತಿರುವುದೂ ಹಾಗೆಯೇ.

ಆ ವರ್ಷ ನಾನು ನಮ್ಮ ಕನ್ನಡ ಸಂಘದ ಅಧ್ಯಕ್ಷೆ. ಆಸೆಪಟ್ಟು ಆದದ್ದಲ್ಲ. ಯಾರೂ ಮುಂದೆ ಬರದಿದ್ದಾಗ, ರೂಪಾ ಯಾರ ಹತ್ತಿರವೂ ಜಗಳ ಆಡುವುದಿಲ್ಲ, ಅವಳೇ ಆಗಲಿ ಎಂದರು. ಜಗಳ ಆಡುವುದಿಲ್ಲ ಎನ್ನುವುದೇನೋ ನಿಜ. ಯಾರಾದರೂ ದನಿ ಎತ್ತಿದರೆ ಸಾಕು, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಗುತ್ತದೆ. ಮೈಸೂರಿನ ನಮ್ಮ ಮನೆಯಲ್ಲಿ ಜಗಳ ಅಂದರೆ ಅಪ್ಪ ಊಟದ ತಟ್ಟೆ ಸರಿಸಿ ಎದ್ದು ಹೋಗುವುದು. ಆಮೇಲೆ ವಾರಗಟ್ಟಲೆ ಮೌನ. ಅದಕ್ಕಿಂತ ಹೂಂ ಅನ್ನುವುದು ಸುಲಭ ಎಂದು ನಾನು ಬೇಗ ಕಲಿತೆ.

ಅಧ್ಯಕ್ಷೆಯಾದ ಮೇಲೆ ಎದುರಾದ ಮೊದಲ ವಿಷಯವೇ ಬೇಸಿಗೆಯ ಪಿಕ್ನಿಕ್. ಕೆರೆಯ ಪಕ್ಕದ ಪಾರ್ಕಿನಲ್ಲಿ ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದು ನಮ್ಮ ಪದ್ಧತಿ. ಮೊದಲಿನಿಂದಲೂ ಬರೀ ಸಸ್ಯಾಹಾರ. ಆ ಸಲ ಪ್ರೆಸಿಲ್ಲಾ ಒಂದು ಬೇಡಿಕೆ ಇಟ್ಟಳು: ಸ್ವಲ್ಪ ದೂರದಲ್ಲಿ ಇನ್ನೊಂದು ಟೇಬಲ್ ಹಾಕಿ ಮಾಂಸದ ಅಡುಗೆಗೂ ಅವಕಾಶ ಕೊಡಬೇಕು. ಪ್ರೆಸಿಲ್ಲಾ ಮಂಗಳೂರಿನ ಕ್ರಿಶ್ಚಿಯನ್, ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮಕ್ಕಳಿಗೆಲ್ಲ ವರ್ಷವರ್ಷವೂ ನಾಟಕ ಕಲಿಸುವವಳು ಅವಳೇ. ಇದು ಕಿವಿಗೆ ಬಿದ್ದ ದಿನವೇ ರಾಮಮೂರ್ತಿ ಅಂಕಲ್ ಫೋನ್ ಮಾಡಿದರು. ಎಂಬತ್ತರ ಹತ್ತಿರದ ಹಿರಿಯರು, ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಟೇಬಲ್ ಬಂದರೆ ತಾವು ಬರುವುದಿಲ್ಲ ಎಂದರು. ಅವರು ಬರದಿದ್ದರೆ ಹಳೆಯ ಮನೆಗಳು ಯಾವುವೂ ಬರುವುದಿಲ್ಲ. ಟೇಬಲ್ ಇಲ್ಲ ಅಂದರೆ ಕರಾವಳಿಯ ಮನೆಯವರು ಬೇರೆ ಸಂಘ ಮಾಡಿಕೊಳ್ಳುತ್ತಾರೆ ಎಂಬ ಮಾತು ಆಗಲೇ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು.

ನನಗೆ ಈ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು ಎಂದರೆ ಏನು ಎಂದು ಹೇಳಬೇಕು. 2020ರಲ್ಲಿ ನನ್ನ ಗಂಡ ಮಂಜು ಕೋವಿಡ್ ಆಗಿ ಆಸ್ಪತ್ರೆ ಸೇರಿದ. ನಾನು, ಮಗಳು ಮನೆಯೊಳಗೆ ಬಂದಿ. ಅಂಕಲ್ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಸಾರು, ಅನ್ನ ಬಾಗಿಲ ಮುಂದೆ ಬಂದು ಕೂರುತ್ತಿತ್ತು. ಪ್ರೆಸಿಲ್ಲಾ ದಿನಾ ಫೋನ್ ಮಾಡಿ ಮಂಜುವಿನ ಆಕ್ಸಿಜನ್ ಅಂಕಿಗಳಿಗೆ ಅರ್ಥ ಹೇಳುತ್ತಿದ್ದಳು. ಡ್ಯೂಟಿ ಮುಗಿಸಿ ಹೋಗುವಾಗ ಅವಳೂ ಬಾಗಿಲ ಮುಂದೆ ಏನಾದರೂ ಇಡುತ್ತಿದ್ದಳು: ಬ್ರೆಡ್ ಪ್ಯಾಕೆಟ್ಟು, ಕಿತ್ತಳೆ, ಹಾಲಿನ ಕ್ಯಾನು. ಇದರ ಬಗ್ಗೆ ಆಗ ನಾನು ಯೋಚಿಸಲೇ ಇಲ್ಲ.

ಟೇಬಲ್ಲಿನ ಜಗಳ ಎದ್ದ ಆ ಚಳಿಗಾಲದಲ್ಲಿ ಸಣ್ಣಪುಟ್ಟ ಸಂಘಗಳನ್ನು ನಡೆಸುವವರಿಗೆಂದು ನಮ್ಮ ಕಡೆ ಒಂದು ತರಬೇತಿ ನಡೆಯುತ್ತಿತ್ತು. ಚರ್ಚಿನವರು, ಮಸೀದಿಯವರು, ಬಾಡಿಗೆದಾರರ ಸಂಘದವರು ಎಲ್ಲ ಇದ್ದರು. ಒಂದು ಬೆಳಿಗ್ಗೆಯ ಪಾಠ ಮಿರಿಯಮ್ ಎಂಬಾಕೆಯದು. ಎಪ್ಪತ್ತು ದಾಟಿದ ಯಹೂದಿ ಮಹಿಳೆ, ನಿವೃತ್ತ ಟೀಚರ್. ಜಗಳ ಆಡುವುದು ಹೇಗೆ ಎಂದು ಕಲಿಸುತ್ತೇನೆ ಎಂದರು. ನನಗೆ ಎದ್ದು ಹೋಗೋಣ ಅನ್ನಿಸಿತು.

ಅವರಲ್ಲಿ ಶಾಸ್ತ್ರವನ್ನು ಒಬ್ಬರೇ ಓದುವುದಿಲ್ಲವಂತೆ. ಇಬ್ಬರು ಎದುರುಬದುರು ಕೂತು, ದೊಡ್ಡ ದನಿಯಲ್ಲಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪ್ರಶ್ನಿಸುತ್ತಾ ಓದಬೇಕು. ಹವ್ರೂತಾ ಎನ್ನುತ್ತಾರೆ ಈ ಜೋಡಿ ಓದಿಗೆ. ಅವರು ಹಂಚಿದ ಹಾಳೆಯ ನಡುವೆ ಶಾಸ್ತ್ರದ ನಾಲ್ಕೇ ಸಾಲು. ಸುತ್ತಲೂ ಬೇರೆ ಬೇರೆ ಕಾಲದವರ ಆಕ್ಷೇಪಣೆಗಳು, ಬೇಲಿಯ ಹಾಗೆ. ವಾದದಲ್ಲಿ ಸೋತವರ ಮಾತನ್ನೂ ಅಳಿಸದೆ ಅಲ್ಲೇ ಉಳಿಸಿದ್ದರು. ವಿಷಯ ಇಷ್ಟೇ: ಇಬ್ಬರು ಒಂದೇ ಬಟ್ಟೆಯ ಎರಡು ತುದಿ ಹಿಡಿದು ಬಂದಿದ್ದಾರೆ, ಇಬ್ಬರೂ ಇದು ನನ್ನದು ಅನ್ನುತ್ತಾರೆ. ಏನು ಮಾಡಬೇಕು?

ನನಗೆ ಜೋಡಿಯಾಗಿ ಮಿರಿಯಮ್ ಅವರೇ ಕೂತರು. ಎರಡು ಪಾಲು ಮಾಡಬೇಕು ಎಂದರು, ನಾನು ಹೌದು ಅಂದೆ. ಒಬ್ಬ ಸುಳ್ಳು ಹೇಳುತ್ತಿದ್ದರೆ ಪಾಲು ಮಾಡುವುದು ಅನ್ಯಾಯ ಎಂದರು, ನಾನು ಅದಕ್ಕೂ ಹೌದು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಡಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡದಲ್ಲಿ.

"ನೀನು ಒಳ್ಳೆಯವಳು. ಆದರೆ ನಿನ್ನ ಎದುರು ನಾನು ಒಬ್ಬಳೇ ಕೂತ ಹಾಗಿದೆ."

ಆ ಮಾತು ಚುಚ್ಚಿತು. ಆಮೇಲೆ ಅವರು ಒಂದು ನಿಯಮ ಕೊಟ್ಟರು. ಎದುರಿನವರ ವಾದವನ್ನು ಮೊದಲು ನೀನು ಹೇಳು. ಅವರು ಹೌದು, ಇದೇ ನಾನು ಹೇಳಿದ್ದು ಅನ್ನುವ ತನಕ ನಿನ್ನ ವಾದ ಶುರು ಮಾಡುವ ಹಾಗಿಲ್ಲ. ಅರ್ಥವಾಗದಿದ್ದರೆ ಪ್ರಶ್ನೆ ಕೇಳು.

ಪಾಠ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಪಿಕ್ನಿಕ್ ಕತೆ ಹೇಳಿದೆ. ಈ ನಿಯಮದಿಂದ ಸರಿಹೋಗುತ್ತದಾ ಎಂದು ಕೇಳಿದೆ. ಅವರು ಕಾರಿನ ಬಾಗಿಲು ಹಿಡಿದುಕೊಂಡೇ, ತಮ್ಮ ಸ್ವಂತ ತಂಗಿ ಅಟ್ಲಾಂಟಾದಲ್ಲಿದ್ದಾಳೆ, ಮಾತು ಬಿಟ್ಟು ಬಹಳ ವರ್ಷವಾಯಿತು ಎಂದರು. "ಅವಳು ಕೂರಲೇ ಇಲ್ಲ. ಇಬ್ಬರೂ ಕೂತರೆ ಮಾತ್ರ ಇದು ನಡೆಯುತ್ತದೆ." ಧೈರ್ಯ ಕೇಳಲು ಹೋದವಳು ಇನ್ನಷ್ಟು ಭಯ ಹೊತ್ತುಕೊಂಡು ಮನೆಗೆ ಬಂದೆ.

ಈಗ ಆ ಭಾನುವಾರ, ಟೇಬಲ್ ಬೇಕೋ ಬೇಡವೋ ಎಂದು ಓಟು ಹಾಕುವ ಸಭೆ. ಐದು ಗಂಟೆಗೆ ಲೈಬ್ರರಿಯವರಿಗೆ ರೂಮು ಬಿಟ್ಟುಕೊಡಬೇಕು. ಜನ ತಾವಾಗಿಯೇ ಎರಡು ಭಾಗವಾಗಿ ಕೂತಿದ್ದರು, ನಡುವೆ ಮದುವೆ ಛತ್ರದಲ್ಲಿದ್ದ ಹಾಗೆ ದಾರಿ. ಓಟಿಗೆ ಮೊದಲು ಒಂದು ಕೆಲಸ ಮಾಡೋಣ ಎಂದೆ. ಪ್ರೆಸಿಲ್ಲಾಳ ಮಾತನ್ನು ಅಂಕಲ್ ಹೇಳಲಿ, ಅಂಕಲ್ ಮಾತನ್ನು ಪ್ರೆಸಿಲ್ಲಾ ಹೇಳಲಿ.

"ಇದೇನಮ್ಮಾ ರೂಪಾ, ನಾಟಕದ ಪ್ರಾಕ್ಟೀಸಾ?" ಎಂದರು ಅಂಕಲ್.

"ನನ್ನ ಪಾರ್ಟು ಮಾಡ್ಲಿಕ್ಕೆ ಅಂಕಲ್ ಸೀರೆ ಉಡ್ಬೇಕಾಗ್ತದೆ" ಎಂದಳು ಪ್ರೆಸಿಲ್ಲಾ. ಎರಡೂ ಕಡೆ ನಕ್ಕರು. ನನಗೆ ನಗು ಬರಲಿಲ್ಲ. ಅಂಕಲ್ ಎದ್ದು ಹೋದರೆ ಅವತ್ತಿಗೆ ಸಂಘ ಮುಗಿಯಿತು, ಮುಗಿಸಿದವಳು ನಾನು.

ಅವರು ಹೋಗಲಿಲ್ಲ. ಪ್ರೆಸಿಲ್ಲಾ ಹೇಳುವುದು ಇಷ್ಟೇ, ಪಿಕ್ನಿಕ್ಕಿನಲ್ಲಿ ಚಿಕನ್ ಇರಬೇಕು ಎಂದರು. ಅವಳು ಅಲ್ಲ ಎಂದಳು. ಹಾಗಾದರೆ ಅವಳ ಮಕ್ಕಳಿಗೆ ನಮ್ಮ ಊಟ ಸೇರುವುದಿಲ್ಲ ಎಂದರು. ಅದೂ ಅಲ್ಲ, ನನ್ನ ಮಕ್ಕಳು ಬರುವುದೇ ಬಿಸಿಬೇಳೆ ಬಾತಿಗೆ ಎಂದಳು. ಅಂಕಲ್ ಮುಖ ಕೆಂಪಾಯಿತು. ಹಾಗಿದ್ದರೆ ನೀನೇ ಹೇಳಿಬಿಡು ಎಂದರು. ಇಲ್ಲ ಅಂಕಲ್, ಬೇಕಿದ್ದರೆ ನೀವು ಪ್ರಶ್ನೆ ಕೇಳಬಹುದು ಎಂದೆ. ಹಿರಿಯರೊಬ್ಬರಿಗೆ ಎಲ್ಲರೆದುರು ನಾನು ಇಲ್ಲ ಅಂದದ್ದು ಅದೇ ಮೊದಲು. ಗೋಡೆಯ ಗಡಿಯಾರ ನೋಡಿದೆ. ಎಷ್ಟು ತೋರಿಸುತ್ತಿತ್ತೋ, ತಲೆಗೆ ಹೋಗಲಿಲ್ಲ.

ಅಂಕಲ್ ಅವಳ ಕಡೆ ಕುರ್ಚಿ ತಿರುಗಿಸಿದರು.

"ಸರಿ. ಇಷ್ಟು ವರ್ಷ ಪಿಕ್ನಿಕ್‌ಗೆ ನೀನು ಏನು ತರ್ತಿದ್ದೆ?"

"ಐಸು. ಪೇಪರ್ ಪ್ಲೇಟು. ಒಂದೊಂದು ಸಲ ಕೋಕು."

"ಪ್ರತಿ ಸಲಾನೂ ಅದೇನಾ?"

"ಯಾರು ಫೋನ್ ಮಾಡಿದ್ರೂ ಅದೇ ಹೇಳ್ತಿದ್ರು ಅಂಕಲ್. ಪ್ರೆಸಿಲ್ಲಾ, ನೀವು ಐಸು ತನ್ನಿ ಅಂತ. ಒಂದ್ಸಲ ನಾನೇ ಕೇಳಿದೆ, ಕೆಸುವಿನೆಲೆ ಪತ್ರೊಡೆ ಮಾಡಿ ತರ್ಲಾ, ಅದ್ರಲ್ಲಿ ಎಂತ ಮಾಂಸ ಉಂಟು ಅಂತ. ಅಯ್ಯೋ ನಿಮಗ್ಯಾಕೆ ತೊಂದ್ರೆ ಅಂದ್ರು."

ಫೋನ್ ಮಾಡಿದವರಲ್ಲಿ ಬಹಳ ಜನ ಆ ರೂಮಿನಲ್ಲೇ ಇದ್ದರು.

ಅಂಕಲ್ ತುಂಬ ನಿಧಾನವಾಗಿ ಹೇಳಿದರು: "ಪ್ರೆಸಿಲ್ಲಾ ಹೇಳೋದು ಏನಂದ್ರೆ... ಅವಳ ಮನೆ ಪಾತ್ರೇಲಿ ಬೆಂದಿದ್ದನ್ನ ನಾವು ತಿನ್ನಲ್ಲ. ಬಾಯಿಬಿಟ್ಟು ಹೇಳಲ್ಲ, ಐಸು ತನ್ನಿ ಅಂತೀವಿ. ಅವಳ ಅಡುಗೆ ಇಡೋಕೆ ಒಂದು ಟೇಬಲ್ ಬೇಕು."

"ಹೌದು" ಎಂದಳು ಪ್ರೆಸಿಲ್ಲಾ. ಆಮೇಲೆ ಸೇರಿಸಿದಳು, "ಚಿಕನ್ನೂ ಬೇಕು. ಸುಳ್ಳು ಯಾಕೆ ಹೇಳ್ಲಿ."

ಆಗ ನನಗೆ ಬಾಗಿಲ ಮುಂದಿನ ಬ್ರೆಡ್ ಪ್ಯಾಕೆಟ್ಟು ನೆನಪಾಯಿತು. ಸೀಲ್ ಒಡೆಯದ ಪ್ಯಾಕೆಟ್ಟು. ಅವಳು ಇಟ್ಟದ್ದರಲ್ಲಿ ಅವಳ ಒಲೆಯ ಮೇಲೆ ಬೆಂದದ್ದು ಒಂದೂ ಇರಲಿಲ್ಲ.

ಪ್ರೆಸಿಲ್ಲಾಳ ಸರದಿ ಬಂತು. ಅಂಕಲ್ ಈ ದೇಶಕ್ಕೆ ಓದಲು ಬಂದ ಹೊಸತರಲ್ಲಿ ಬ್ರೆಡ್ಡು, ಆಲೂಗಡ್ಡೆ ತಿಂದುಕೊಂಡು ಇದ್ದದ್ದು, ಪ್ರೊಫೆಸರರ ಮನೆಯ ಊಟದಲ್ಲಿ ಸೂಪು ಕುಡಿದಾದ ಮೇಲೆ ಅದರಲ್ಲಿ ದನದ ಮೂಳೆ ಬೆಂದಿತ್ತು ಎಂದು ಗೊತ್ತಾದದ್ದು, ಬಚ್ಚಲಿಗೆ ಓಡಿದ್ದು. ಈ ಕತೆ ನಮಗೆಲ್ಲ ಬಾಯಿಪಾಠ. ಪ್ರತಿ ವಾರ್ಷಿಕೋತ್ಸವದಲ್ಲೂ ಅವರೇ ವೇದಿಕೆಯ ಮೇಲೆ ಹೇಳಿ ನಗಿಸುತ್ತಿದ್ದರು. ಪ್ರೆಸಿಲ್ಲಾ ಅದನ್ನೇ ನಗಿಸದೆ ಹೇಳಿದಳು.

"ಇದರಲ್ಲಿ ಎಂತ ಉಂಟು ಅಂತ ಕೇಳೋದು ಇವರಿಗೆ ನಾಚಿಕೆ. ಕೇಳದೆ ತಿನ್ನೋದು ಹೆದರಿಕೆ. ಕೇಳದೇ ಕೈ ಹಾಕುವ ಒಂದು ಜಾಗ ಇರ್ಲಿ ಅಂತ ಈ ಪಿಕ್ನಿಕ್ ಮಾಡಿದ್ದು. ನಾನು ಅದನ್ನ ತೆಗೀತಾ ಇದ್ದೇನೆ. ಅಲ್ವಾ ಅಂಕಲ್?"

ಅಂಕಲ್ ಹೂಂ ಅಂದರೋ, ಬರೀ ತಲೆ ಆಡಿಸಿದರೋ. ಕಣ್ಣು ಒರೆಸಿಕೊಂಡರು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅವರು ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು. ನಾನು ನೋಡಿಲ್ಲ.

ಇಬ್ಬರೂ ರಾಜಿಯಾಗಿಬಿಟ್ಟರು ಎಂದು ನೀವು ಅಂದುಕೊಳ್ಳಬಹುದು. ಆಗಲಿಲ್ಲ. ತಮ್ಮ ತಮ್ಮ ವಾದವನ್ನು ಮತ್ತೆ ಮಂಡಿಸಿದರು, ಮೊದಲಿಗಿಂತ ಗಟ್ಟಿಯಾಗಿಯೇ. ಕೈ ಎತ್ತಿಸಿದಾಗ ಅಂಕಲ್ ಬೇಡ ಎಂದೇ ಎತ್ತಿದರು, ಪ್ರೆಸಿಲ್ಲಾ ಬೇಕು ಎಂದೇ ಎತ್ತಿದಳು. ಕೆಲವೇ ಓಟುಗಳ ಅಂತರದಲ್ಲಿ ಬೇಡಿಕೆ ಬಿದ್ದುಹೋಯಿತು. ಹಿಂದಿನ ಸಾಲಿನಿಂದ ಕರಾವಳಿಯ ಒಂದೆರಡು ಮನೆಯವರು ಎದ್ದು ಹೊರಟರು. ಅವರು ಇವತ್ತಿಗೂ ಸಂಘಕ್ಕೆ ಬಂದಿಲ್ಲ. ಪ್ರೆಸಿಲ್ಲಾ ಮಾತ್ರ ಕೂತಲ್ಲಿಂದಲೇ ಹೇಳಿದಳು: "ಮುಂದಿನ ವರ್ಷ ಪುನಃ ಕೇಳ್ತೇನೆ. ಈ ಸಲ ಐಸು ಬೇರೆ ಯಾರಾದ್ರೂ ತನ್ನಿ."

ಮೊದಲು ನಕ್ಕದ್ದು ಅಂಕಲ್.

ಕುರ್ಚಿ ಜೋಡಿಸಿಟ್ಟು ಹೊರಗೆ ಬಂದಾಗ ಪ್ರೆಸಿಲ್ಲಾ ಕಾರಿನ ಹತ್ತಿರ ಇದ್ದಳು. ಕೇಳಬಾರದು ಅಂದುಕೊಂಡೇ ಕೇಳಿದೆ. ಮಂಜು ಆಸ್ಪತ್ರೆಯಲ್ಲಿದ್ದಾಗ ಬ್ರೆಡ್ಡು ತಂದಿಡುತ್ತಿದ್ದೆಯಲ್ಲ?

"ಗಂಜಿ, ತೊಂಡೆಕಾಯಿ ಪಲ್ಯ ಮಾಡಿದ್ದೆ ಮಾರಾಯ್ತಿ. ನಿಮ್ಮ ಮನೆ ಎದುರು ತನಕ ತಂದೆ. ಆಮೇಲೆ ಕಾರಿನಲ್ಲೇ ಬಿಟ್ಟು, ಅಂಗಡಿಗೆ ಹೋಗಿ ಬ್ರೆಡ್ ತಂದು ಇಟ್ಟೆ." ಕೀಲಿಕೈ ಹುಡುಕುತ್ತಾ ಕೇಳಿದಳು, "ಇಟ್ಟಿದ್ರೆ ನೀನು ತಿನ್ತಿದ್ಯಾ?"

ಖಂಡಿತ ತಿನ್ನುತ್ತಿದ್ದೆ ಎನ್ನಲು ಬಾಯಿ ತೆರೆದೆ. ಜೀವನವಿಡೀ ಅಂಥ ಜಾಗದಲ್ಲೆಲ್ಲ ಅದನ್ನೇ ಅಂದವಳು. ಮಿರಿಯಮ್ ಮೇಜಿನ ಮೇಲಿಟ್ಟ ಕನ್ನಡಕ ಕಣ್ಣೆದುರು ಬಂತು.

"ಗೊತ್ತಿಲ್ಲ" ಎಂದೆ.

ಅವಳು ನನ್ನನ್ನು ನೋಡಿದಳು. ಇಷ್ಟು ವರ್ಷದ ಗೆಳೆತನ ಈ ಪಾರ್ಕಿಂಗ್ ಲಾಟಿನಲ್ಲಿ ಮುಗಿಯಿತು ಅಂದುಕೊಂಡೆ. ಅವಳು ಕಾರಿನ ಬಾಗಿಲು ತೆಗೆದು, "ಬುಧವಾರ ರಜೆ ಉಂಟು ನಂಗೆ. ಊಟಕ್ಕೆ ಬಾ. ಆಗ ಗೊತ್ತಾಗ್ತದೆ" ಎಂದಳು. ಹೋದೆ. ತಿಂದೆ. ಮೊದಲ ತುತ್ತಿಗೆ ಕೈ ತಡೆದದ್ದು ಅವಳಿಗೂ ಕಂಡಿತು.

ಜೂನ್ ತಿಂಗಳ ಪಿಕ್ನಿಕ್ಕಿಗೆ ಪ್ರೆಸಿಲ್ಲಾ ಬುಟ್ಟಿ ತುಂಬ ಇಡ್ಲಿಯಂಥ ಸನ್ನ, ಜೊತೆಗೆ ತೆಂಗಿನಕಾಯಿ ಹಾಕಿದ ಕಡಲೆ ಸುಕ್ಕ ತಂದಳು. ಎಲ್ಲ ಅಡುಗೆಗಳ ನಡುವೆಯೇ ಇಟ್ಟಳು. ರಾಮಮೂರ್ತಿ ಅಂಕಲ್ ತಟ್ಟೆ ಹಿಡಿದು ಬಂದು, ಏನೂ ಕೇಳದೆ ಒಂದು ಸನ್ನ ಎತ್ತಿಕೊಂಡರು. ಇದು ನನ್ನ ನೆನಪು. ಮಂಜು ಇದನ್ನು ಒಪ್ಪುವುದಿಲ್ಲ. ಅಂಕಲ್ ಇದರಲ್ಲಿ ಏನಿದೆ ಎಂದು ಕೇಳಿಯೇ ತೆಗೆದುಕೊಂಡರು, ತಾನು ಪಕ್ಕದಲ್ಲೇ ಇದ್ದೆ ಎನ್ನುತ್ತಾನೆ. ಪ್ರೆಸಿಲ್ಲಾಳನ್ನು ಕೇಳಿದರೆ, ಕೇಳಿದರು, ಆದರೆ ನಾಚಿಕೊಳ್ಳದೆ ಕೇಳಿದರು ಎನ್ನುತ್ತಾಳೆ. ಮೊದಲಾಗಿದ್ದರೆ ಮೂರಕ್ಕೂ ಹೌದು ಅಂದು ಮುಗಿಸುತ್ತಿದ್ದೆ. ಈಗ ಇಲ್ಲಿ ಅವರಿಬ್ಬರ ಮಾತನ್ನೂ ಅಳಿಸದೆ ಬರೆದಿದ್ದೇನೆ. ಹಾಗಿದ್ದೂ ನನ್ನ ನೆನಪಿನಲ್ಲಿ ಅವರು ಕೇಳಲಿಲ್ಲ.

ಪ್ರೆಸಿಲ್ಲಾ ಹೇಳಿದ ಹಾಗೆಯೇ ಪ್ರತಿ ಮಾರ್ಚಿಗೆ ಆ ಟೇಬಲ್ಲಿನ ವಿಷಯ ತರುತ್ತಾಳೆ. ಅಂಕಲ್ ವಿರೋಧಿಸಲೆಂದೇ ಕೋಲು ಊರಿಕೊಂಡು ಬರುತ್ತಾರೆ, ಅವಳ ವಾದವನ್ನು ಮೊದಲು ತಾವೇ ಹೇಳುತ್ತಾರೆ. ಹಿಂದಿನ ದಿನದಿಂದಲೇ ನನ್ನ ಹೊಟ್ಟೆ ಹಿಂಡಲು ಶುರುವಾಗುತ್ತದೆ. ಅದು ಹೋಗಿಲ್ಲ, ಹೋಗುತ್ತದೆ ಎಂದು ಈಗ ಕಾಯುವುದೂ ಇಲ್ಲ. ಹಾಗೆಯೇ ಹೋಗಿ ಇಬ್ಬರಿಗೂ ಎದುರುಬದುರು ಕುರ್ಚಿ ಹಾಕುತ್ತೇನೆ.